ಅಮಾಜಿಗ್ ಚಳವಳಿಯ ಹೊಸ ತಲೆಮಾರು: ಹಿರಿಯರಿಗೂ ಯುವಕರಿಗೂ ನಡುವೆ ನಿಜವಾಗಿ ಬದಲಾದದ್ದು ಏನು?

ಪ್ರಶ್ನೆ: ಮಣ್ಣಗುಡ್ಡೆಯ ಓದುಗಿ, ಮಂಗಳೂರು

ನಮ್ಮ ಓದುಬಳಗದ ಮುಂದಿನ ಸಭೆಯಲ್ಲಿ ಉತ್ತರ ಆಫ್ರಿಕಾದ ಅಮಾಜಿಗ್ ಚಳವಳಿಯ ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ‘ಬರ್ಬರರು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಈ ಜನರು ಮೊರಾಕೊದ ಅಟ್ಲಾಂಟಿಕ್ ತೀರದಿಂದ ಈಜಿಪ್ಟಿನ ಸೀವಾ ಓಯಸಿಸ್‌ವರೆಗೆ ಹಲವು ದೇಶಗಳಲ್ಲಿ ಹರಡಿಕೊಂಡಿದ್ದಾರೆ. ತಮ್ಮ ಭಾಷೆಗಾಗಿ ಅವರು ಅರವತ್ತು ವರ್ಷಗಳಿಂದ ನಡೆಸುತ್ತ ಬಂದಿರುವ ಹೋರಾಟದಲ್ಲಿ ನನ್ನ ಆಸಕ್ತಿಯನ್ನು ಹಿಡಿದು ನಿಲ್ಲಿಸಿದ್ದು ತಲೆಮಾರುಗಳ ನಡುವಿನ ಸಂಬಂಧ.

ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಹೇಳುವ ಕಥೆ ಒಂದೇ. ಮೊದಲ ತಲೆಮಾರಿನವರು ವಿದ್ವಾಂಸರು. ಅವರು ವ್ಯಾಕರಣ ಬರೆದರು, ಜನಪದ ಕಾವ್ಯ ಸಂಗ್ರಹಿಸಿದರು, ಸಂಘ ಕಟ್ಟಿದರು, ಸರಕಾರಕ್ಕೆ ಮನವಿ ಸಲ್ಲಿಸಿದರು. ಈಗಿನವರು ಬೀದಿಗಿಳಿಯುವವರು, ಧ್ವಜ ಹಿಡಿಯುವವರು, ಫೇಸ್‌ಬುಕ್ಕಿನಲ್ಲಿ ಸಂಘಟಿತರಾಗುವವರು. ಈ ಕಥೆ ನನಗೆ ಅಷ್ಟಾಗಿ ಒಪ್ಪಿಗೆಯಾಗುತ್ತಿಲ್ಲ. 1980ರಲ್ಲಿ ಅಲ್ಜೀರಿಯಾದ ತಿಜಿ ಊಜು ಪಟ್ಟಣದಲ್ಲಿ ಪೊಲೀಸರನ್ನು ಎದುರಿಸಿದವರೂ ವಿದ್ಯಾರ್ಥಿಗಳೇ ಅಲ್ಲವೇ? ಯುವಕರು ಮೊದಲಿನಿಂದಲೂ ಬೀದಿಯಲ್ಲಿಯೇ ಇದ್ದರೆಂದಾದರೆ, ಇಂದಿನ ಯುವಕರಲ್ಲಿ ಹೊಸದಾಗಿ ಕಾಣುವುದು ಏನು?

ಇನ್ನೊಂದು ತೊಡಕೂ ಇದೆ. ಕೇಳುವವರೆಲ್ಲ ಮಂಗಳೂರು, ಉಡುಪಿ ಕಡೆಯವರಾದ್ದರಿಂದ ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ ‘ನಮ್ಮ ತುಳುವಿನ ಕಥೆಯೂ ಇದೇ ತಾನೆ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದೆಂದು ತಲೆಯಾಡಿಸಿದರೆ ಸಭೆ ಸಂತೋಷಪಡುತ್ತದೆ, ಆದರೆ ಅದು ಪ್ರಾಮಾಣಿಕವಾದ ಉತ್ತರವಾಗುತ್ತದೆಯೇ ಎಂಬುದು ನನ್ನ ಅಳುಕು. ಈ ಪ್ರದೇಶದ ಇತಿಹಾಸವನ್ನು ಓದಿಕೊಂಡವರು ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಅಧ್ಯಾಪಕ, ಮಣಿಪಾಲ

ನಿಮ್ಮ ಸಂಶಯ ಸರಿಯಾಗಿಯೇ ಇದೆ. ಅಲ್ಜೀರಿಯಾದ ಮೂರು ಘಟ್ಟಗಳನ್ನು, ಅಂದರೆ 1980, 2001 ಮತ್ತು 2019ನ್ನು, ಅಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದರೆ ‘ಶಾಂತ ಹಿರಿಯರು, ಬಿಸಿರಕ್ತದ ಕಿರಿಯರು’ ಎಂಬ ವಿಂಗಡಣೆ ನಿಲ್ಲುವುದಿಲ್ಲ.

1980ರ ಮಾರ್ಚ್ 10ರಂದು ಕಬಿಲಿಯಾ ಪ್ರದೇಶದ ತಿಜಿ ಊಜು ವಿಶ್ವವಿದ್ಯಾಲಯದಲ್ಲಿ ಲೇಖಕ ಮೌಲೂದ್ ಮಮ್ಮೇರಿಯವರು ಪ್ರಾಚೀನ ಕಬೈಲ್ ಕಾವ್ಯದ ಬಗ್ಗೆ ಉಪನ್ಯಾಸ ನೀಡಬೇಕಾಗಿತ್ತು. ಅಧಿಕಾರಿಗಳು ಅದನ್ನು ತಡೆದರು. ಏಕಪಕ್ಷದ ಆಡಳಿತವಿದ್ದ, ಅರಬ್ಬೀಕರಣವೇ ರಾಷ್ಟ್ರನೀತಿಯಾಗಿದ್ದ ದೇಶದಲ್ಲಿ ಹಳೆಯ ಕವಿತೆಗಳ ಕುರಿತ ಒಂದು ಭಾಷಣವೂ ಭಯ ಹುಟ್ಟಿಸುತ್ತಿತ್ತು ಎಂಬುದನ್ನು ನಿಮ್ಮ ಕೇಳುಗರಿಗೆ ಸ್ವಲ್ಪ ನಿಧಾನವಾಗಿಯೇ ಹೇಳಿ. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಏಪ್ರಿಲ್ 20ರ ನಸುಕಿನಲ್ಲಿ ಭದ್ರತಾಪಡೆಗಳು ವಿಶ್ವವಿದ್ಯಾಲಯಕ್ಕೆ ನುಗ್ಗಿದವು. ಬಂಧಿತರಲ್ಲಿ 24 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ‘ಬರ್ಬರ್ ವಸಂತ’ ಎಂದು ಇತಿಹಾಸಕ್ಕೆ ಸೇರಿದ ಈ ಘಟನೆಯಲ್ಲಿ ಅರವತ್ತು ದಾಟಿದ ವಿದ್ವಾಂಸನೂ ಇಪ್ಪತ್ತರ ವಿದ್ಯಾರ್ಥಿಗಳೂ ಒಂದೇ ಕಡೆ ನಿಂತಿದ್ದರು. ಮಮ್ಮೇರಿಯವರ ಪಾಠಗಳು, ಅವರ ವ್ಯಾಕರಣ, 1966ರಲ್ಲಿ ಪ್ಯಾರಿಸ್ಸಿನಲ್ಲಿ ವಲಸಿಗರು ಕಟ್ಟಿಕೊಂಡ ಬರ್ಬರ್ ಅಕಾಡೆಮಿಯ ಕರಪತ್ರಗಳು, ಇವೆಲ್ಲ ಆ ಹುಡುಗರ ಚೀಲಗಳಲ್ಲಿ ಇದ್ದವು. ಹೀಗಾಗಿ ಅಲ್ಲಿ ತಲೆಮಾರಿನ ಜಗಳ ಕಾಣುವುದಿಲ್ಲ. ಹಿರಿಯರು ಬರೆದಿಟ್ಟದ್ದನ್ನು ಕಿರಿಯರು ಹೊತ್ತುಕೊಂಡು ಹೊರಗೆ ಬಂದರು.

ಜಗಳ ಬರುವುದು 2001ರಲ್ಲಿ. ನನ್ನ ಮಟ್ಟಿಗೆ ನಿಮ್ಮ ಭಾಷಣದ ನಡುಭಾಗ ಇದೇ ಆಗಬೇಕು. 1980ರ ವಿದ್ಯಾರ್ಥಿಗಳು ಆ ಹೊತ್ತಿಗೆ ನಲವತ್ತು ದಾಟಿದ್ದರು. ಬಹುಪಕ್ಷ ಪದ್ಧತಿಗೆ ದಾರಿ ತೆರೆದ 1989ರಲ್ಲಿ ಅವರಲ್ಲಿ ಹಲವರು ಸೇರಿ ಆರ್‌ಸಿಡಿ ಎಂಬ ಪಕ್ಷ ಕಟ್ಟಿದ್ದರು. 1994–95ರ ಇಡೀ ಶಾಲಾವರ್ಷವನ್ನು ಕಬಿಲಿಯಾದ ಮಕ್ಕಳು ಬಹಿಷ್ಕರಿಸಿದ ಮೇಲೆ ಸರಕಾರ 1995ರಲ್ಲಿ ಅಮಾಜಿಗ್ ವ್ಯವಹಾರಗಳಿಗಾಗಿ ಒಂದು ಉನ್ನತ ಆಯೋಗವನ್ನೂ ರಚಿಸಿತ್ತು. ಅಮಾಜಿಗ್ ಹಕ್ಕುಗಳ ಪರ ಹಾಡುತ್ತಿದ್ದ ಕಬಿಲಿಯಾದ ಗಾಯಕ ಲೂನೆಸ್ ಮತೂಬ್ 1998ರ ಜೂನ್ 25ರಂದು ಕೊಲೆಯಾದರು, ಅದಾಗಿ ಹತ್ತೇ ದಿನಗಳಲ್ಲಿ ಅರಬ್ಬೀ ಭಾಷೆಯನ್ನು ಕಡ್ಡಾಯಗೊಳಿಸುವ ಕಾನೂನು ಜಾರಿಗೆ ಬಂತು. ಈ ಕಹಿಯ ನಡುವೆ 2001ರ ಏಪ್ರಿಲ್ 18ರಂದು ಕಬಿಲಿಯಾದ ಬೆನಿ ದುವಾಲಾದಲ್ಲಿ ಜೆಂಡರ್ಮರಿ ಎಂಬ ಅರೆಸೇನಾ ಪೊಲೀಸರ ಠಾಣೆಯೊಳಗೆ ಮಸ್ಸಿನಿಸ್ಸಾ ಗೆರ್ಮಾ ಎಂಬ ಹೈಸ್ಕೂಲು ವಿದ್ಯಾರ್ಥಿಗೆ ಗುಂಡೇಟು ಬಿತ್ತು. ಎರಡು ದಿನಗಳ ಬಳಿಕ ಆತ ತೀರಿಕೊಂಡ. ಅಲ್ಲಿಂದ ಭುಗಿಲೆದ್ದ ‘ಕಪ್ಪು ವಸಂತ’ದಲ್ಲಿ 120ಕ್ಕೂ ಹೆಚ್ಚು ಜನರು ಸತ್ತರು, ಅವರಲ್ಲಿ ಬಹುಪಾಲು ಯುವಕರು. ‘ನೀವು ನಮ್ಮನ್ನು ಕೊಲ್ಲಲಾರಿರಿ, ನಾವು ಈಗಾಗಲೇ ಸತ್ತಿದ್ದೇವೆ’ ಎಂಬುದು ಅವರ ಘೋಷಣೆಯಾಗಿತ್ತು.

ಈ ಹುಡುಗರು ಠಾಣೆಗಳಿಗಷ್ಟೇ ಅಲ್ಲ, ಅಪ್ಪಂದಿರ ತಲೆಮಾರು ಕಟ್ಟಿದ ಪಕ್ಷಗಳಿಗೂ ಬೆನ್ನು ತಿರುಗಿಸಿದರು. ಹಾಗೆ ತಿರುಗಿದವರು ಹೋಗಿ ಸೇರಿದ್ದು ಇನ್ನೂ ಹಳೆಯದಾದ ಒಂದು ಏರ್ಪಾಟಿಗೆ: ಊರಿನ ಪಂಚಾಯಿತಿ ಕಟ್ಟೆಯಿಂದ ಪ್ರತಿನಿಧಿಗಳನ್ನು ಕಳುಹಿಸುವ ‘ಆರ್ಶ್’ ಸಮಿತಿಗಳಿಗೆ. ತಂದೆಯನ್ನು ತೊರೆದು ಅಜ್ಜನ ಜಗಲಿಗೆ ಹೋದಂತಾಯಿತು. ಆ ಸಮಿತಿಗಳಲ್ಲಿ ಹೆಂಗಸರಿಗೆ ಬಹುಮಟ್ಟಿಗೆ ಜಾಗವೇ ಇರಲಿಲ್ಲ ಎಂಬ ಟೀಕೆ ಆಗಲೇ ಕೇಳಿಬಂದಿತ್ತು, ಟೀಕೆ ನ್ಯಾಯವಾದದ್ದೇ. ಆದರೂ 2001ರ ಜೂನ್‌ನಲ್ಲಿ ಎಲ್ ಕ್ಸೂರ್ ಪಟ್ಟಣದಲ್ಲಿ ಅವರು ಒಪ್ಪಿಕೊಂಡ 15 ಅಂಶಗಳ ಬೇಡಿಕೆಪಟ್ಟಿಯನ್ನು ಓದಿದರೆ ಬದಲಾವಣೆ ಎಲ್ಲಾಯಿತೆಂಬುದು ಕಾಣುತ್ತದೆ. ಅಮಾಜಿಗ್ ಜನರ ನುಡಿಯಾದ ತಮಾಜಿಗ್ತ್ ಭಾಷೆಗೆ ಅಧಿಕೃತ ಸ್ಥಾನ ಆ ಹದಿನೈದರಲ್ಲಿ ಒಂದು ಮಾತ್ರ. ಜೆಂಡರ್ಮರಿಯನ್ನು ಕಬಿಲಿಯಾದಿಂದ ಹಿಂದೆಗೆಯಬೇಕು, ಕೊಂದವರ ವಿಚಾರಣೆಯಾಗಬೇಕು, ಕೆಲಸವಿಲ್ಲದವರಿಗೆ ಕನಿಷ್ಠ ವೇತನದ ಅರ್ಧದಷ್ಟು ಭತ್ಯೆ ಸಿಗಬೇಕು ಎಂಬಿವೆಲ್ಲ ಅದೇ ಪಟ್ಟಿಯಲ್ಲಿ ಭಾಷೆಯ ಪಕ್ಕದಲ್ಲಿ ಕುಳಿತಿವೆ.

2002ರಲ್ಲಿ ತಮಾಜಿಗ್ತ್ ‘ರಾಷ್ಟ್ರೀಯ’ ಭಾಷೆಯಾಯಿತು, 2016ರಲ್ಲಿ ‘ಅಧಿಕೃತ’ವೂ ಆಯಿತು, ಅಮಾಜಿಗ್ ಹೊಸವರ್ಷವಾದ ಯೆನ್ನಾಯರ್‌ಗೆ 2018ರಿಂದ ಜನವರಿ 12ರಂದು ಸಾರ್ವಜನಿಕ ರಜೆಯೂ ಬಂತು. ಇಷ್ಟೆಲ್ಲ ಸಿಕ್ಕಿದ ಮರುವರ್ಷವೇ, 2019ರ ಜೂನ್‌ನಲ್ಲಿ, ಸೇನಾ ಮುಖ್ಯಸ್ಥ ಗೈದ್ ಸಾಲಾ ಅವರು ಪ್ರತಿಭಟನೆಗಳಲ್ಲಿ ರಾಷ್ಟ್ರಧ್ವಜವಲ್ಲದೆ ಬೇರೆ ಧ್ವಜ ಹಿಡಿಯಕೂಡದೆಂದು ಎಚ್ಚರಿಸಿದರು ಮತ್ತು ನೀಲಿ, ಹಸಿರು, ಹಳದಿಯ ಅಮಾಜಿಗ್ ಧ್ವಜ ಹಿಡಿದ ಯುವಕ ಯುವತಿಯರ ಬಂಧನ ಆರಂಭವಾಯಿತು. ಕೆಲವು ನ್ಯಾಯಾಲಯಗಳು ಅವರಿಗೆ ಶಿಕ್ಷೆ ವಿಧಿಸಿದವು, ಕೆಲವು ಬಿಡುಗಡೆ ಮಾಡಿದವು. ಆ ಯುವಕರು ಭಾಷೆಯ ಹಕ್ಕಿಗಾಗಿ ಬೀದಿಗೆ ಬಂದಿರಲಿಲ್ಲ. ಇಡೀ ದೇಶದ ಆಡಳಿತ ಬದಲಾಗಬೇಕೆಂದು ಅರಬ್ಬೀ ಮಾತನಾಡುವವರ ಜೊತೆಗೇ ಅಲ್ಜಿಯರ್ಸಿನಲ್ಲಿ ನಡೆಯುತ್ತಿದ್ದರು. ಭಾಷೆ ಸಂವಿಧಾನದಲ್ಲಿ ಇದೆ, ಅದರ ಧ್ವಜ ಜೇಬಿನಲ್ಲಿದ್ದರೆ ಜೈಲು ಎಂಬ ಪರಿಸ್ಥಿತಿಯಲ್ಲಿ ಬೆಳೆದವರು ಸರಕಾರದ ಮಾನ್ಯತೆಯನ್ನು ನೋಡುವ ಬಗೆ ಬೇರೆಯೇ ಆಗಿರುತ್ತದೆ.

ಉತ್ತರ 2: ಕಾಪು ಕಡಲಬದಿ

ಮೇಲಿನ ಉತ್ತರದ ಕೊನೆಯ ವಾಕ್ಯವೇ ಇಲ್ಲಿ ಕೀಲಿಕೈ ಎಂದು ನನಗನಿಸುತ್ತದೆ. ಅದು ಇನ್ನಷ್ಟು ನಿಚ್ಚಳವಾಗುವುದು ಮೊರಾಕೊದಲ್ಲಿ, ಏಕೆಂದರೆ ಅಲ್ಲಿ ರಾಜಮನೆತನ ಗುಂಡಿಗಿಂತ ಹೆಚ್ಚಾಗಿ ಕುರ್ಚಿಯನ್ನು ಬಳಸಿತು.

ಮೊರಾಕೊದ ಮೊದಲ ತಲೆಮಾರಿನದು 1967ರಲ್ಲಿ ರಬಾತ್ ನಗರದಲ್ಲಿ ಆರಂಭವಾದ ಆಮ್ರೆಕ್ ಎಂಬ ಸಾಂಸ್ಕೃತಿಕ ಸಂಘದಂತಹ ವೇದಿಕೆಗಳು. ಕವಿಗಳು, ಅಧ್ಯಾಪಕರು, ವಕೀಲರು ಅಲ್ಲಿದ್ದರು. ಅವರದ್ದು ಸುಖದ ದಾರಿಯಾಗಿತ್ತು ಎಂದು ತಿಳಿಯಬಾರದು. ಇತಿಹಾಸಕಾರ ಹಾಗೂ ಕವಿ ಅಲಿ ಸಿದ್ಕಿ ಅಜಾಯ್ಕು ಅವರು ಮೊರಾಕೊದ ಸಂಸ್ಕೃತಿಯ ಬಗ್ಗೆ ಬರೆದ ಒಂದು ಲೇಖನಕ್ಕಾಗಿ 1982ರಲ್ಲಿ ಸೆರೆಮನೆ ಸೇರಿದರು. 1991ರ ಆಗಸ್ಟಿನಲ್ಲಿ ಆರು ಸಂಘಗಳು ಸೇರಿ ಅಗಾದಿರ್ ಸನ್ನದಿಗೆ ಸಹಿ ಹಾಕಿದವು. 1994ರ ಮೇ ದಿನದ ಮೆರವಣಿಗೆಯಲ್ಲಿ ಅಮಾಜಿಗ್ ನುಡಿಗಳ ಹಳೆಯ ಲಿಪಿಯಾದ ತಿಫಿನಾಗ್‌ನಲ್ಲಿ ಬರೆದ ಫಲಕ ಹಿಡಿದ ಗೂಲ್ಮಿಮಾದ ಅಧ್ಯಾಪಕರನ್ನು ಬಂಧಿಸಲಾಯಿತು, ಆ ಕುರಿತ ಗದ್ದಲ ದೊಡ್ಡದಾದ ಮೇಲೆ ಅದೇ ಆಗಸ್ಟಿನಲ್ಲಿ ದೊರೆ ಎರಡನೆಯ ಹಸನ್ ಅಮಾಜಿಗ್ ನುಡಿಗಳನ್ನು ಶಾಲೆಯಲ್ಲಿ ಕಲಿಸುವ ಮಾತನ್ನಾಡಿದರು.

ಮುಂದಿನದು ಸ್ವಾರಸ್ಯಕರ. 2000ದಲ್ಲಿ ‘ಬರ್ಬರ್ ಪ್ರಣಾಳಿಕೆ’ ಹೊರಬಂತು. ಅದನ್ನು ಬರೆದ ಮೊಹಮ್ಮದ್ ಶಫೀಕ್ ಬೀದಿಯ ಮನುಷ್ಯರಲ್ಲ. ರಾಜಕುಮಾರರು ಓದುವ ರಾಯಲ್ ಕಾಲೇಜಿನ ನಿರ್ದೇಶಕರಾಗಿದ್ದವರು. ಹೊಸ ದೊರೆ ಆರನೆಯ ಮೊಹಮ್ಮದ್ 2001ರ ಅಕ್ಟೋಬರಿನಲ್ಲಿ ಅಜ್ದಿರ್‌ನಲ್ಲಿ ಮಾತನಾಡಿ ಅಮಾಜಿಗ್ ಸಂಸ್ಕೃತಿಗಾಗಿ ಇರ್ಕಾಮ್ ಎಂಬ ರಾಜಸಂಸ್ಥೆಯನ್ನು ಸ್ಥಾಪಿಸಿದರು ಮತ್ತು ಶಫೀಕ್ ಅವರನ್ನೇ ಅದರ ಮೊದಲ ಮುಖ್ಯಸ್ಥರನ್ನಾಗಿ ಮಾಡಿದರು. ಚಳವಳಿಯ ಹಿರಿಯರಲ್ಲಿ ಹಲವರು ಒಳಗೆ ಹೋದರು. 2003ರಲ್ಲಿ ತಿಫಿನಾಗ್ ಅಧಿಕೃತ ಲಿಪಿಯಾಯಿತು, ಅದೇ ಸೆಪ್ಟೆಂಬರಿನಲ್ಲಿ 317 ಶಾಲೆಗಳಲ್ಲಿ ಪಾಠ ಆರಂಭವಾಯಿತು. ಕೆಲಸ ಸಾಗದ ಬಗ್ಗೆ ಬೇಸತ್ತು 2005ರಲ್ಲಿ ಏಳು ಮಂದಿ ಸದಸ್ಯರು ಆಡಳಿತ ಮಂಡಳಿಯಿಂದ ಹೊರನಡೆದರು. ಒಳಗೆ ಉಳಿದವರನ್ನು ನಾನು ಹಗುರವಾಗಿ ನೋಡಲಾರೆ. ನಿಘಂಟು, ಪಠ್ಯಪುಸ್ತಕ, 2005ರಲ್ಲಿ ಯೂನಿಕೋಡಿನೊಳಗೆ ತಿಫಿನಾಗ್ ಸೇರಿದ್ದು, ಇವೆಲ್ಲ ಕುಳಿತು ಮಾಡುವ ಕೆಲಸಗಳು. ಇಂದು ಫೋನಿನಲ್ಲಿ ತಿಫಿನಾಗ್ ಟೈಪು ಮಾಡಿ ಇರ್ಕಾಮ್ ಅನ್ನು ಬೈಯುವ ಹುಡುಗನ ಬೆರಳ ತುದಿಗೆ ಆ ಅಕ್ಷರಗಳು ಬಂದದ್ದು ಅವರ ದುಡಿಮೆಯಿಂದಲೂ ಹೌದು.

ಹುಡುಗರು ಬೈಯುವುದಕ್ಕೂ ಕಾರಣವಿದೆ. 1990ರ ದಶಕದಿಂದ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಅಮಾಜಿಗ್ ಸಾಂಸ್ಕೃತಿಕ ಚಳವಳಿ ಎಂಬ ವಿದ್ಯಾರ್ಥಿ ಬಣದಲ್ಲಿ ಇದ್ದವರು ಹೆಚ್ಚಾಗಿ ಆಗ್ನೇಯದ ಒಣ ಕಣಿವೆಗಳಿಂದ, ಅಟ್ಲಾಸ್ ಬೆಟ್ಟದ ಹಳ್ಳಿಗಳಿಂದ ಎರ್ರಾಶಿದಿಯಾ, ಮೆಕ್ನೆಸ್, ಅಗಾದಿರ್ ಕ್ಯಾಂಪಸ್ಸುಗಳಿಗೆ ಬಂದ ಮೊದಲ ಪದವೀಧರರು. ಅವರ ಊರಿನಲ್ಲಿ ನೀರಿಲ್ಲ, ಆಸ್ಪತ್ರೆಯಿಲ್ಲ. ಓದು ಮುಗಿಸಿದ ಮೇಲೆ ಕೆಲಸವೂ ಇಲ್ಲ. ಎಡಪಂಥೀಯ ಬಣಗಳ ಜೊತೆ ಅವರು ಕ್ಯಾಂಪಸ್ಸಿನಲ್ಲಿ ಹೊಡೆದಾಡಿಕೊಂಡದ್ದೂ ಉಂಟು, 2007ರ ಘರ್ಷಣೆಗಳಲ್ಲಿ ಜೀವಗಳೂ ಹೋದವು. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಆದರ್ಶವಾದಿಗಳೆಂದು ಚಿತ್ರಿಸುವುದು ತಪ್ಪಾಗುತ್ತದೆ.

ಇಮಿದರ್ ಎಂಬ ಊರಿನ ಕಥೆಯನ್ನು ದಯವಿಟ್ಟು ಬಿಡಬೇಡಿ. ಆಫ್ರಿಕಾದ ದೊಡ್ಡ ಬೆಳ್ಳಿ ಗಣಿಗಳಲ್ಲಿ ಒಂದು ಅಲ್ಲಿದೆ, ಸುತ್ತಲಿನ ಹಳ್ಳಿಗಳ ಬಾವಿಗಳೂ ಖೆತ್ತಾರಾ ಎಂಬ ನೆಲದಡಿಯ ಕಾಲುವೆಗಳೂ ಬತ್ತುತ್ತ ಬಂದಿದ್ದವು. 1996ರಲ್ಲಿ ಒಮ್ಮೆ ಹಿರಿಯರು ರಸ್ತೆಬದಿಯಲ್ಲಿ ಧರಣಿ ಕೂತಾಗ ಅದನ್ನು ಬಲದಿಂದ ಚದುರಿಸಲಾಗಿತ್ತು. 2011ರ ಬೇಸಿಗೆಯಲ್ಲಿ ಊರಿನ ವಿದ್ಯಾರ್ಥಿಗಳಿಗೆ ಗಣಿಯಲ್ಲಿ ಸಿಗುತ್ತಿದ್ದ ರಜೆಯ ಕೆಲಸ ನಿರಾಕರಿಸಲ್ಪಟ್ಟಾಗ ಅವರಿಂದ ಆರಂಭವಾದ ಪ್ರತಿಭಟನೆ ಇಡೀ ಊರಿನದಾಯಿತು; ಆಗಸ್ಟಿನಲ್ಲಿ ಅಲೆಬ್ಬಾನ್ ಬೆಟ್ಟ ಹತ್ತಿ ಗಣಿಗೆ ನೀರು ಹೋಗುವ ಕೊಳವೆಯ ಕವಾಟವನ್ನು ಮುಚ್ಚಿದರು ಮತ್ತು ಅಲ್ಲಿಯೇ ಮಣ್ಣು ಕಲ್ಲುಗಳ ಗುಡಿಸಲು ಕಟ್ಟಿಕೊಂಡು 2019ರವರೆಗೆ ಕುಳಿತರು. ತೀರ್ಮಾನಗಳೆಲ್ಲ ‘ಅಗ್ರಾವ್’ ಎಂಬ ಬಯಲುಸಭೆಯಲ್ಲಿ ಆಗುತ್ತಿದ್ದವು, ಅಲ್ಲಿ ಹೆಂಗಸರು ಮುಂದಿನ ಸಾಲಿನಲ್ಲಿಯೇ ಇದ್ದರು. ತಮ್ಮ ಚಳವಳಿಗೆ ಹೆಸರಿಡುವಾಗ ಯುವಕರು ‘96ರ ದಾರಿ’ಯನ್ನು ನೆನಪಿಟ್ಟುಕೊಂಡರು. ಇಲ್ಲಿ ತಿಫಿನಾಗ್ ಅಕ್ಷರವೂ ಧ್ವಜವೂ ಹಾಡೂ ಎಲ್ಲವೂ ಇವೆ, ಆದರೆ ವಾದ ನೀರಿನದು. 2018ರಲ್ಲಿ ನೈಋತ್ಯ ಮೊರಾಕೊದ ಸೂಸ್ ಪ್ರದೇಶದವರು ಕಾಡಿನ ಗಡಿ ಗುರುತಿಸುವಿಕೆ ಹಾಗೂ ಹುಲ್ಲುಗಾವಲಿನ ಕಾನೂನಿನ ವಿರುದ್ಧ ಕಾಸಾಬ್ಲಾಂಕಾದಲ್ಲಿ ನಡೆಸಿದ ಮೆರವಣಿಗೆಯದ್ದೂ ಇದೇ ಜಾಡು.

ನಡುವೆ 2011 ಬಂತು. ಆಡಳಿತ ಸುಧಾರಣೆ ಕೇಳಿ ಬೀದಿಗಿಳಿದ ಫೆಬ್ರವರಿ 20ರ ಚಳವಳಿಯ ಒತ್ತಡದಲ್ಲಿ ಜುಲೈ ತಿಂಗಳ ಹೊಸ ಸಂವಿಧಾನ ತನ್ನ 5ನೆಯ ವಿಧಿಯಲ್ಲಿ ತಮಾಜಿಗ್ತ್ ಅನ್ನು ಅಧಿಕೃತ ಭಾಷೆಯೆಂದು ಒಪ್ಪಿತು. ಅದನ್ನು ಜಾರಿಗೊಳಿಸುವ ಕಾನೂನು ಬರಲು 2019ರವರೆಗೆ ಕಾಯಬೇಕಾಯಿತು, ಆ ಕಾನೂನು ಕೂಡ 5, 10, 15 ವರ್ಷಗಳ ಗಡುವು ಹಾಕಿಕೊಂಡಿತು. ಐದನೆಯ ವಿಧಿಯನ್ನು ಜೀವಮಾನದ ಗೆಲುವೆಂದು ನೋಡುವ ಎಪ್ಪತ್ತರ ಹಿರಿಯ ಮತ್ತು ಅದನ್ನು ಇನ್ನೂ ತೀರಿಸದ ಸಾಲವೆಂದು ನೋಡುವ ಇಪ್ಪತ್ತೈದರ ಯುವತಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ತಲೆಮಾರುಗಳನ್ನು ಬೇರೆ ಮಾಡುವುದು ವಯಸ್ಸೂ ಅಲ್ಲ, ಆವೇಶವೂ ಅಲ್ಲ; ಸರಕಾರದ ಮಾನ್ಯತೆ ಬರುವ ಮೊದಲು ದುಡಿದವರು ಮತ್ತು ಬಂದ ಮೇಲೆ ಬೆಳೆದವರು ಎಂಬುದೇ ಗೆರೆ ಎಂದು ನಾನು ತಿಳಿದುಕೊಳ್ಳುತ್ತೇನೆ. ಇದು ಸರಿಯಾದರೆ ಒಂದು ಮುಂದಿನ ಪ್ರಶ್ನೆ: ಮಾನ್ಯತೆ ಬಂದ ಮೇಲೆ ಭಾಷೆಯನ್ನು ಆಡುವವರ ಸಂಖ್ಯೆ ಏರಿದೆಯೇ? ಹಾಗೆಯೇ ಹೋಲಿಕೆಯ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ.

ಉತ್ತರ 3: ಕುಲಶೇಖರದ ಕೊಂಕಣಿ ಓದುಗ

ಸಂಖ್ಯೆಯ ಬಗ್ಗೆ ಹೇಳುವುದಾದರೆ, ಏರಿಲ್ಲ. ಮೊರಾಕೊದ 2004ರ ಜನಗಣತಿಯಲ್ಲಿ ಅಮಾಜಿಗ್ ನುಡಿಗಳನ್ನು ಆಡುವವರು ಸುಮಾರು ಶೇ 28ರಷ್ಟಿದ್ದರೆ 2024ರ ಗಣತಿಯಲ್ಲಿ ಅದು ಶೇ 24.8 ಎಂದು ಬಂತು. ಗಣತಿಯ ವಿಧಾನವೇ ಸರಿಯಿಲ್ಲವೆಂದು ಚಳವಳಿಯವರು ತಕರಾರು ತೆಗೆದಿದ್ದಾರೆ ಮತ್ತು ತಮ್ಮ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚೆಂದು ವಾದಿಸುತ್ತಾರೆ. ಅದೇನೇ ಇದ್ದರೂ ಬೆಟ್ಟದಿಂದ ಕಾಸಾಬ್ಲಾಂಕಾಕ್ಕೆ, ಅಗಾದಿರ್‌ಗೆ ವಲಸೆ ಬಂದ ಮನೆಗಳಲ್ಲಿ ಮಕ್ಕಳು ಮೊರಾಕೊದ ಆಡು ಅರಬ್ಬಿಯಾದ ದಾರಿಜಾಕ್ಕೆ ಹೊರಳುತ್ತಿರುವುದನ್ನು ಅವರೂ ಅಲ್ಲಗಳೆಯುವುದಿಲ್ಲ. ಇದರಿಂದ ವಿಚಿತ್ರವಾದ ಒಂದು ಯುವ ಕಾರ್ಯಕರ್ತರ ವರ್ಗ ಹುಟ್ಟಿಕೊಂಡಿದೆ: ಧ್ವಜವನ್ನು ಬಲ್ಲವರು, ತಿಫಿನಾಗ್‌ನಲ್ಲಿ ಹೆಸರು ಬರೆಯಬಲ್ಲವರು, ಯೆನ್ನಾಯರ್ ಆಚರಿಸುವವರು, ಆದರೆ ಅಜ್ಜಿಯೊಡನೆ ಹತ್ತು ನಿಮಿಷ ತಡವರಿಸದೆ ಮಾತನಾಡಲಾರದವರು. ಹಿರಿಯರಿಗೆ ಈ ಸ್ಥಿತಿ ಇರಲಿಲ್ಲ; ಅವರಿಗೆ ಭಾಷೆ ಮನೆಯಲ್ಲಿತ್ತು, ಶಾಲೆಯಲ್ಲಿ ಇರಲಿಲ್ಲ. ಈಗ ಕೆಲವರ ಪಾಲಿಗೆ ಅದು ತಿರುಗುಮುರುಗಾಗಿದೆ, ಅದೂ ಶಾಲೆಯಲ್ಲಿ ಸರಿಯಾಗಿ ಸಿಕ್ಕಿದರೆ.

ಹೋಲಿಕೆಯ ಬಗ್ಗೆ ನನ್ನದೊಂದು ಸೂಚನೆ. ಸಭೆಯಲ್ಲಿ ತುಳುವಿನ ಪ್ರಶ್ನೆ ಬಂದಾಗ ಅದನ್ನು ಸ್ವಲ್ಪ ಬದಿಗಿಟ್ಟು, ಅದೇ ಸಭಾಂಗಣದಲ್ಲಿ ಕುಳಿತಿರುವ ಕೊಂಕಣಿಗರ ಕಡೆಗೆ ಕೈ ತೋರಿಸಿ. ತುಳುವರು ಇನ್ನೂ ಎಂಟನೆಯ ಪರಿಚ್ಛೇದದ ಬಾಗಿಲಲ್ಲಿ ನಿಂತಿದ್ದಾರೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕಿಂತ ಹೆಚ್ಚು ಜನರು ತುಳುವನ್ನು ತಾಯ್ನುಡಿಯೆಂದು ಬರೆಸಿದ್ದರೂ ಆ ಬಾಗಿಲು ತೆರೆದಿಲ್ಲ. ಕೊಂಕಣಿಗಾದರೋ 1992ರಲ್ಲಿಯೇ ಅದು ತೆರೆಯಿತು. ಆದ್ದರಿಂದ ‘ಮಾನ್ಯತೆ ಬಂದ ಮೇಲೆ ಏನಾಗುತ್ತದೆ’ ಎಂಬ ಅಮಾಜಿಗ್ ಪ್ರಶ್ನೆಗೆ ಈ ಊರಿನಲ್ಲಿ ಉತ್ತರ ಹೇಳಬಲ್ಲವರು ನಾವು. ನಮ್ಮಲ್ಲಿ ಅಕಾಡೆಮಿ ಇದೆ, ಪ್ರಶಸ್ತಿಗಳಿವೆ, ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಕಲಿಯುವ ಅವಕಾಶವಿದೆ, 1938ರಲ್ಲಿ ಆರಂಭವಾದ ರಾಕ್ಣೊ ವಾರಪತ್ರಿಕೆಯಂತಹ ಪರಂಪರೆ ಇದೆ. ಆದರೂ ಕಂಕನಾಡಿಯ ಫ್ಲಾಟುಗಳಲ್ಲಿ ತಂದೆತಾಯಿ ಇಬ್ಬರೂ ಕೊಂಕಣಿಗರಾಗಿದ್ದು ಮಗುವಿನೊಡನೆ ಇಂಗ್ಲಿಷ್ ಆಡುವ ಮನೆಗಳನ್ನು ನಾನು ಬೇಕಾದಷ್ಟು ಬಲ್ಲೆ.

ಲಿಪಿಯ ಜಗಳವೂ ನಮಗೆ ಹೊಸದಲ್ಲ. ಕೊಂಕಣಿಯನ್ನು ಗೋವೆಯಲ್ಲಿ ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ ಬರೆಯುತ್ತಾರೆ, ನಾವು ಕನ್ನಡದಲ್ಲಿ ಬರೆಯುತ್ತೇವೆ, ಯಾವುದಕ್ಕೆ ಅಧಿಕೃತ ಮನ್ನಣೆ ಎಂಬ ನೋವು ಇನ್ನೂ ಆರಿಲ್ಲ. ಅತ್ತ ಮೊರಾಕೊ ತಿಫಿನಾಗ್ ಆಯ್ದುಕೊಂಡಿದೆ. ಕಬಿಲಿಯಾದ ಲೇಖಕರು ಮಮ್ಮೇರಿಯವರ ಕಾಲದಿಂದಲೂ ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುತ್ತ ಬಂದಿದ್ದಾರೆ. ಅರಬ್ಬೀ ಲಿಪಿಯೇ ಸಾಕೆನ್ನುವವರು ಎರಡೂ ದೇಶಗಳಲ್ಲಿ ಇದ್ದಾರೆ. ಹಿರಿಯರು ಈ ಬಗ್ಗೆ ಕಟ್ಟಿದ ಬಣಗಳನ್ನು ಹುಡುಗರು ಅಷ್ಟಾಗಿ ಲೆಕ್ಕಿಸುವುದಿಲ್ಲ, ಚಾಟ್‌ನಲ್ಲಿ ಲ್ಯಾಟಿನ್ ಬಳಸುತ್ತಾರೆ, ಗೋಡೆಯ ಮೇಲೆ ತಿಫಿನಾಗ್ ಬರೆಯುತ್ತಾರೆ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಸೇರಿಸಿದ 110 ಭಾಷೆಗಳಲ್ಲಿ ತಮಾಜಿಗ್ತ್ ಎರಡೂ ಲಿಪಿಗಳಲ್ಲಿ ಬಂತು. ಅದೇ ಪಟ್ಟಿಯಲ್ಲಿ ತುಳುವೂ ಇತ್ತು ಎಂಬುದನ್ನು ಬೇಕಾದರೆ ಸಭೆಯ ಸಂತೋಷಕ್ಕಾಗಿ ಹೇಳಿ.

ಉತ್ತರ 4: ಬ್ರಹ್ಮಗಿರಿ, ಉಡುಪಿ

ಮಾನ್ಯತೆಯ ಮೊದಲು, ಮಾನ್ಯತೆಯ ನಂತರ ಎಂಬ ಗೆರೆಯನ್ನು ನಾನು ಬಹುಪಾಲು ಒಪ್ಪುತ್ತೇನೆ, ಆದರೆ ಅದಕ್ಕೆ ಮೊರಾಕೊದ ಉತ್ತರದ ರಿಫ್ ಪ್ರದೇಶ ಹೊಂದುವುದಿಲ್ಲ. 2016ರ ಅಕ್ಟೋಬರ್ 28ರಂದು ಅಲ್ ಹುಸೈಮಾದಲ್ಲಿ ಮೊಹ್ಸಿನ್ ಫಿಕ್ರಿ ಎಂಬ ಮೀನು ವ್ಯಾಪಾರಿ, ಅಧಿಕಾರಿಗಳು ವಶಪಡಿಸಿಕೊಂಡ ತನ್ನ ಮೀನನ್ನು ಉಳಿಸಿಕೊಳ್ಳಲು ಹೋಗಿ ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಸತ್ತ. ಮೀನುಗಾರಿಕೆಯನ್ನೇ ನೆಚ್ಚಿಕೊಂಡ ಮಲ್ಪೆಯ ಪಕ್ಕದಲ್ಲಿ ಬದುಕುವ ನಮಗೆ ಆ ಸುದ್ದಿಯ ತೀವ್ರತೆಯನ್ನು ವಿವರಿಸಬೇಕಾಗಿಲ್ಲ. ಅಲ್ಲಿಂದ ಎದ್ದ ಹಿರಾಕ್ ಚಳವಳಿಯ ಯುವಕರು ಕೇಳಿದ್ದು ಕ್ಯಾನ್ಸರ್ ಆಸ್ಪತ್ರೆ, ವಿಶ್ವವಿದ್ಯಾಲಯ, ಉದ್ಯೋಗ, ಮತ್ತು 1958ರಲ್ಲಿ ರಿಫ್ ಅನ್ನು ಸೇನಾವಲಯವೆಂದು ಘೋಷಿಸಿದ ಆದೇಶದ ರದ್ದತಿ. ಅವರು 1921ರಿಂದ 1926ರವರೆಗೆ ಇದ್ದ ವಸಾಹತುಶಾಹಿಯ ವಿರುದ್ಧ ಹೋರಾಡಿದ ಅಬ್ದೆಲ್‌ಕ್ರೀಮ್ ಅವರ ರಿಫ್ ಗಣರಾಜ್ಯದ ಧ್ವಜವನ್ನು ಅಮಾಜಿಗ್ ಧ್ವಜದ ಪಕ್ಕದಲ್ಲಿ ಹಿಡಿದರು. ಅವರ ಮುಂದಾಳು ನಾಸರ್ ಜೆಫ್ಜಾಫಿ ರಿಫ್‌ನ ಅಮಾಜಿಗ್ ನುಡಿಯಾದ ತಾರಿಫಿತ್‌ನಲ್ಲಿಯೂ ಅರಬ್ಬಿಯಲ್ಲಿಯೂ ಮಾತನಾಡುತ್ತ ಧಾರ್ಮಿಕ ನುಡಿಗಟ್ಟುಗಳನ್ನು ಧಾರಾಳವಾಗಿ ಬಳಸಿದರು. ಸೆಕ್ಯುಲರ್ ನಿಲುವನ್ನು ಬಿಟ್ಟುಕೊಡದ ಹಿರಿಯ ಅಮಾಜಿಗ್ ಚಿಂತಕರಲ್ಲಿ ಕೆಲವರಿಗಾದರೂ ಇದು ಇರಿಸುಮುರಿಸಿನ ಸಂಗತಿಯಾಗಿರಲೇಬೇಕು. ಜೆಫ್ಜಾಫಿಗೆ 2018ರಲ್ಲಿ 20 ವರ್ಷಗಳ ಶಿಕ್ಷೆಯಾಯಿತು. ಇಲ್ಲಿ ಮಾನ್ಯತೆಗಿಂತ ಊರಿನ ನೆನಪು ದೊಡ್ಡದು, ತಲೆಮಾರಿನ ಲೆಕ್ಕ ಅಜ್ಜಂದಿರಿಂದ ಆರಂಭವಾಗುತ್ತದೆ.

ಹೋಲಿಕೆಯ ವಿಷಯದಲ್ಲಿ ನಾನು ಕುಲಶೇಖರದವರಿಗಿಂತಲೂ ಜಿಪುಣ. ಮೊರಾಕೊದಲ್ಲಿ 2010ರವರೆಗೆ ನೋಂದಣಿ ಅಧಿಕಾರಿಗಳು ಮಗುವಿಗೆ ಅಮಾಜಿಗ್ ಹೆಸರಿಡುವುದನ್ನೇ ಹಲವು ಕಡೆ ನಿರಾಕರಿಸುತ್ತಿದ್ದರು. ಟ್ಯುನೀಷಿಯಾದಲ್ಲಿ ಅಂತಹ ನಿರ್ಬಂಧ ತೆಗೆದದ್ದು 2020ರಲ್ಲಿ. ಗದ್ದಾಫಿಯ ಲಿಬಿಯಾದಲ್ಲಿ ಅಮಾಜಿಗ್ ಎಂಬ ಜನರೇ ಇಲ್ಲವೆಂಬುದು ಸರಕಾರದ ನಿಲುವಾಗಿತ್ತು. ತುಳುವಿನಲ್ಲಿ ಹಾಡಿದ್ದಕ್ಕೆ, ನಾಟಕವಾಡಿದ್ದಕ್ಕೆ, ಮಗುವಿಗೆ ಹೆಸರಿಟ್ಟದ್ದಕ್ಕೆ ಇಲ್ಲಿ ಯಾರೂ ಜೈಲಿಗೆ ಹೋಗಿಲ್ಲ. ತುಳು ಸಾಹಿತ್ಯ ಅಕಾಡೆಮಿ 1994ರಲ್ಲಿ ಬಂತು, 2021ರ ಜೂನ್‌ನಲ್ಲಿ ತುಳುವಿಗೆ ಅಧಿಕೃತ ಸ್ಥಾನ ಕೇಳಿ ನಮ್ಮ ಯುವಕರು ಟ್ವಿಟರಿನಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದರು, 2024ರಲ್ಲಿ ತುಳು ಲಿಪಿ ಯೂನಿಕೋಡಿಗೆ ಸೇರಿತು. ಇವೆಲ್ಲ ನಿಜವಾದ ಕೆಲಸಗಳು. ಅವುಗಳಿಗೆ ಬೇರೆಯವರ ಸೆರೆವಾಸದ ಗೌರವವನ್ನು ಎರವಲು ತಂದು ಅಂಟಿಸುವ ಅಗತ್ಯವಿಲ್ಲ. ಹೋಲಿಸಲೇಬೇಕೆಂದರೆ ಒಂದು ಕಡೆ ಹೋಲಿಸಬಹುದು: ನಮ್ಮ ಯುವಕರ ಭಾಷಾ ಅಭಿಯಾನದಲ್ಲಿ ನೆಲ, ನೀರು, ಕಡಲತೀರದ ಕೈಗಾರಿಕೆಗಳ ಪ್ರಶ್ನೆ ಏಕೆ ಇಷ್ಟು ಕಡಿಮೆ ಕಾಣುತ್ತದೆ? ಇಮಿದರ್‌ನ ಹುಡುಗರು ಒಟ್ಟಿಗೆ ಹಿಡಿದದ್ದನ್ನು ನಾವು ಎರಡು ಬೇರೆ ಬೇರೆ ಸಭೆಗಳಲ್ಲಿ ಚರ್ಚಿಸುತ್ತೇವೆ.

ಪ್ರಶ್ನೆ ಕೇಳಿದವರಿಂದ

ಕೊನೆಯ ಪ್ರಶ್ನೆಯನ್ನು ಹಾಗೆಯೇ ಸಭೆಯ ಮುಂದಿಡುತ್ತೇನೆ. ನನ್ನ ಭಾಷಣ ಈಗ ಮೂರು ಸ್ಥಳಗಳ ಸುತ್ತ ನಿಲ್ಲುತ್ತದೆ: 2001ರ ಕಬಿಲಿಯಾ, ಇಮಿದರ್, ಅಲ್ ಹುಸೈಮಾ. ಕೊನೆಯದಾಗಿ ಎರಡು ಸಣ್ಣ ಅನುಮಾನಗಳಿವೆ. 2025ರ ಸೆಪ್ಟೆಂಬರಿನಲ್ಲಿ ಮೊರಾಕೊದಲ್ಲಿ ನಡೆದ ‘ಜೆನ್ ಜೀ 212’ ಪ್ರತಿಭಟನೆಗಳನ್ನು ಇದರ ಮುಂದುವರಿಕೆಯಾಗಿ ನೋಡಬಹುದೇ? ಅಮಾಜಿಗ್ ನುಡಿಯನ್ನೇ ಆಡುವ ಸಹಾರಾ ಮರುಭೂಮಿಯ ತುವಾರೆಗರನ್ನೂ ಸೇರಿಸಬೇಕೇ?

ಉತ್ತರ 2: ಕಾಪು ಕಡಲಬದಿ

ಮೊದಲನೆಯದಕ್ಕೆ: ಮುಂದುವರಿಕೆ ಎನ್ನಬೇಡಿ. ಡಿಸ್ಕಾರ್ಡ್ ಆ್ಯಪಿನಲ್ಲಿ ಸಂಘಟಿತವಾದ ಆ ಪ್ರತಿಭಟನೆ ಆರೋಗ್ಯ ಮತ್ತು ಶಿಕ್ಷಣವನ್ನು ಕೇಳಿತೇ ಹೊರತು ಅಮಾಜಿಗ್ ಗುರುತನ್ನು ಮುಂದಿಡಲಿಲ್ಲ. ಆದರೆ ಅದಕ್ಕೆ ಕಿಡಿ ಹೊತ್ತಿದ್ದು ಸೂಸ್ ಪ್ರದೇಶದ ಅಗಾದಿರ್ ನಗರದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ತಾಯಂದಿರು ಸಾಲಾಗಿ ಸತ್ತ ಸುದ್ದಿಯಿಂದ, ಮತ್ತು ಒಂಬತ್ತು ವರ್ಷಗಳ ಹಿಂದೆ ರಿಫ್ ಕೇಳಿದ್ದೂ ಆಸ್ಪತ್ರೆಯನ್ನೇ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಎರಡನೆಯದಕ್ಕೆ: ಸೇರಿಸದಿರುವುದೇ ಒಳ್ಳೆಯದು. ಮಾಲಿಯ ತುವಾರೆಗರ ಹೋರಾಟ 2012ರಲ್ಲಿ ಉತ್ತರ ಮಾಲಿಯನ್ನು ಅಜವಾದ್ ಎಂಬ ಸ್ವತಂತ್ರ ದೇಶವೆಂದು ಘೋಷಿಸುವವರೆಗೆ ಹೋದ ಸಶಸ್ತ್ರ ಬಂಡಾಯ, ಅದರ ಹಿಂದೆ ಬರಗಾಲ, ಗಡಿ, ಲಿಬಿಯಾದಿಂದ ಬಂದ ಆಯುಧಗಳ ಬೇರೆಯೇ ಚರಿತ್ರೆ ಇದೆ. ಅರ್ಧ ಗಂಟೆಯ ಮಾತಿನಲ್ಲಿ ಅದನ್ನು ತುರುಕಿದರೆ ಎರಡಕ್ಕೂ ನ್ಯಾಯವಾಗದು. ನಕಾಶೆಯಲ್ಲಿ ಮಾತ್ರ ಗುರುತಿಸಿ, ಯಾರಾದರೂ ಕೇಳಿದರೆ ಅದಕ್ಕಾಗಿ ಇನ್ನೊಂದು ಸಭೆ ಇಟ್ಟುಕೊಳ್ಳಿ.